ಗೆಲಾಕ್ಸಿ ಗುಚ್ಛಗಳ ಚರಿತ್ರೆ: ಹೊಸಕೋಟೆಯ ದೂರದರ್ಶಕದ ಸಾಕ್ಷ್ಯ

ಗುರುತ್ವಾಕರ್ಷಣೆಯಿಂದ ಬದ್ಧವಾದ ಹತ್ತಾರು ಗೆಲಾಕ್ಸಿಗಳ ಕೂಟವನ್ನು ಗುಂಪೆಂದೂ ನೂರಾರು, ಸಾವಿರಾರು ಗೆಲಾಕ್ಸಿಗಳ ಕೂಟವನ್ನು ಗುಚ್ಛವೆಂದೂ ಕರೆಯುವರು. ಗುಚ್ಛಗಳ ಮಧ್ಯಭಾಗದ ಗೆಲಾಕ್ಸಿಗಳಲ್ಲಿ ನಕ್ಷತ್ರಜನನವು ಬಹುಮಟ್ಟಿಗೆ ನಿಂತಿರುವುದೇಕೆ? ಇದು ಅವುಗಳ ಸ್ವಭಾವವೋ, ಪರಿಸರದ ಪರಿಣಾಮವೋ?

ಗುಚ್ಛದ ಒಡಲು ಶೂನ್ಯವಲ್ಲ. ಒಂದರಿಂದ ಹತ್ತು ಕೋಟಿ ಡಿಗ್ರಿ ಉಷ್ಣತೆಯ ವಿರಳ ಅನಿಲವು ಅಲ್ಲಿ ವ್ಯಾಪಿಸಿದೆ. ಒಳನುಗ್ಗುವ ಗೆಲಾಕ್ಸಿಯ ಶೀತಲ ಅನಿಲವನ್ನು ಇದರ ಒತ್ತಡವು ಕಳಚಬಲ್ಲುದೆಂದು ಗನ್ ಮತ್ತು ಗಾಟ್ ಎಂಬ ವಿದ್ವಾಂಸರು 1972ರಲ್ಲಿ ಪ್ರತಿಪಾದಿಸಿದರು.

ಈ ವಾದಕ್ಕೆ ನಮ್ಮ ನೆರೆಯಿಂದಲೂ ಸಾಕ್ಷ್ಯ ದೊರೆತಿದೆ. ಕಲ್ಯಾಣನಗರದಿಂದ ಕೃಷ್ಣರಾಜಪುರವನ್ನು ದಾಟಿದರೆ ಹೊಸಕೋಟೆ. ಅಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯು ಸಜ್ಜುಗೊಳಿಸಿದ ಅತಿನೇರಳೆ ದೂರದರ್ಶಕವು 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಉಪಗ್ರಹದೊಡನೆ ಗಗನವನ್ನೇರಿತು. ಅದು ಅಬೆಲ್ 85 ಗುಚ್ಛದೊಳಗೆ ಸೆಕೆಂಡಿಗೆ 3,000 ಕಿಲೋಮೀಟರಿಗೂ ಮಿಕ್ಕ ವೇಗದಿಂದ ಧಾವಿಸುವ ಜೆಒ201 ಗೆಲಾಕ್ಸಿಯನ್ನು ವೀಕ್ಷಿಸಿತು. ಕಳಚಿದ ಅನಿಲದ ಬಾಲದಲ್ಲಿಯೂ ನಕ್ಷತ್ರಗಳು ಹುಟ್ಟುತ್ತಿರುವುದು 2018ರಲ್ಲಿ ಪ್ರಕಟವಾಯಿತು. ಅತಿನೇರಳೆ ಬೆಳಕನ್ನು ಹೇರಳವಾಗಿ ಸೂಸುವುವು ಅಲ್ಪಾಯುಗಳಾದ ಎಳೆಯ ನಕ್ಷತ್ರಗಳು. ಆದುದರಿಂದ ಆ ಜನನವು ಅನಿಲನಷ್ಟಕ್ಕೆ ಸಮಕಾಲೀನವೆಂದು ತಿಳಿಯಬಹುದು.

ಅನಿಲವು ಬರಿದಾದ ಮೇಲೆ ಹೊಸ ನಕ್ಷತ್ರಗಳಿಗೆ ಆಧಾರವಿಲ್ಲ. ವ್ಯಕ್ತಿಯ ಚರಿತ್ರೆಯನ್ನು ಸಮಾಜದಿಂದ ಬೇರ್ಪಡಿಸಿ ಬರೆಯಲಾಗದೆಂಬುದನ್ನು ಇತಿಹಾಸದ ವಿದ್ಯಾರ್ಥಿಯು ಬಲ್ಲನು; ಗೆಲಾಕ್ಸಿಯ ಚರಿತ್ರೆಗೂ ಈ ಮಾತು ಸಲ್ಲುತ್ತದೆ.