ಲಾರಿಯ ದಾರಿ ಮತ್ತು ಗಡಿನಾಡಿನ ಚರಿತ್ರೆ

ಕಾಸರಗೋಡಿನ ಅಡಿಕೆ ಉತ್ತರ ಭಾರತಕ್ಕೆ ಹೋಗುವುದು ಹೊಸ ಸಂಗತಿಯೇನಲ್ಲ. ಆದರೆ ಅಡಿಕೆಯ ಮೂಟೆ ಹೇರಿಕೊಂಡ ಲಾರಿಯೊಂದು ಅಹಮದಾಬಾದಿಗೆ ಯಾವ ದಾರಿಯಾಗಿ ಹೋಗಬೇಕೆಂಬ ಪ್ರಶ್ನೆಗೆ ಭೂಪಟವೊಂದೇ ಉತ್ತರ ಹೇಳಲಾರದು. ಯಾವ ರಾಜ್ಯಗಳಿಗೆ ಪರ್ಮಿಟ್ ಇದೆ, ಯಾವ ಘಾಟಿ ತೆರೆದಿದೆ, ಕಾಗದಪತ್ರಗಳ ಅವಧಿ ಎಷ್ಟು, ಚಾಲಕನು ನಿದ್ರಿಸುವುದೆಲ್ಲಿ ಎಂಬ ಪ್ರಶ್ನೆಗಳು ಒಂದರ ಹಿಂದೊಂದು ಬರುತ್ತವೆ. ಈ ಲೆಕ್ಕಾಚಾರಕ್ಕೂ ಒಂದು ಚರಿತ್ರೆಯಿದೆ. ಅದು ಬಹುಮಟ್ಟಿಗೆ ನಮ್ಮಂಥ ಗಡಿನಾಡುಗಳ ಚರಿತ್ರೆಯೇ ಆಗಿದೆ.

1956ಕ್ಕೆ ಮೊದಲು ಕಾಸರಗೋಡು ತಾಲೂಕು ಮದರಾಸು ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಮಂಗಳೂರಿಗೆ ಸರಕು ಒಯ್ಯುವುದೆಂದರೆ ಜಿಲ್ಲಾ ಕೇಂದ್ರಕ್ಕೆ ಹೋಗಿಬರುವುದು, ಅಷ್ಟೆ. ಆ ವರ್ಷದ ನವೆಂಬರ್ 1ರಂದು ತಲಪಾಡಿ ರಾಜ್ಯದ ಗಡಿಯಾಯಿತು. 1939ರ ಮೋಟಾರು ವಾಹನ ಕಾಯ್ದೆಯಂತೆ ಒಂದು ರಾಜ್ಯದ ಪರ್ಮಿಟ್ಟಿಗೆ ಮತ್ತೊಂದು ರಾಜ್ಯದ ಮೇಲುರುಜು ಬೇಕಿತ್ತು. ಹೀಗಾಗಿ ನಿನ್ನೆಯವರೆಗೆ ಮನೆಯಂಗಳದಂತಿದ್ದ ರಸ್ತೆಯೇ ಅಂತರರಾಜ್ಯ ಮಾರ್ಗವಾಗಿ ಪರಿಣಮಿಸಿತು. ಅದೇ ವರ್ಷ ಕೇಂದ್ರ ಮಾರಾಟ ತೆರಿಗೆ ಕಾಯ್ದೆಯೂ ಬಂದುದರಿಂದ ಸರಕಿಗೂ ಬೇರೆ ಕಾಗದಗಳು ಹುಟ್ಟಿಕೊಂಡವು. ಗಡಿಯ ಎರಡು ಬದಿಯ ತೋಟಗಳಲ್ಲಿ ಬೆಳೆ ಮಾತ್ರ ಒಂದೇ ಆಗಿ ಉಳಿಯಿತು. 1973ರಲ್ಲಿ ಕರ್ನಾಟಕ ಮತ್ತು ಕೇರಳದ ಅಡಿಕೆ ಬೆಳೆಗಾರರಿಬ್ಬರಿಗೂ ಸೇರಿದಂತೆ ಮಂಗಳೂರಿನಲ್ಲಿ ಕ್ಯಾಂಪ್ಕೊ ಸ್ಥಾಪನೆಯಾದುದು ಈ ಸತ್ಯವನ್ನು ಒಪ್ಪಿಕೊಂಡಂತೆಯೇ ಸರಿ.

ದೂರದ ಲಾರಿಗಳಿಗೆ ನಿಜವಾದ ಬಿಡುಗಡೆ ದೊರೆತದ್ದು 1975ರಲ್ಲಿ ಆರಂಭವಾದ ರಾಷ್ಟ್ರೀಯ ಪರ್ಮಿಟ್ ಯೋಜನೆಯಿಂದ. ಮುಂದೆ 1988ರ ಕಾಯ್ದೆಯು ಸ್ವಂತ ರಾಜ್ಯವೂ ಸೇರಿದಂತೆ ಒತ್ತಿಗಿರುವ ಕನಿಷ್ಠ ನಾಲ್ಕು ರಾಜ್ಯಗಳಿಗೆ ಇಂಥ ಪರ್ಮಿಟ್ ಕೊಡಲು ಅವಕಾಶವಿತ್ತಿತು. ಆಗ ರಾಜ್ಯಗಳನ್ನು ಎಣಿಸಿಯೇ ದಾರಿ ಹಿಡಿಯಬೇಕಿತ್ತು. ತಲಪಾಡಿ, ಉಡುಪಿ, ಕಾರವಾರಗಳ ಮೂಲಕ ಕರಾವಳಿಯಲ್ಲೇ ಸಾಗಿದರೆ ಗುಜರಾತು ಸೇರುವಷ್ಟರಲ್ಲಿ ಗೋವೆಯೂ ಸೇರಿ ಐದು ರಾಜ್ಯಗಳಾಗುತ್ತವೆ. ಅಂಕೋಲದಲ್ಲಿ ಬಲಕ್ಕೆ ತಿರುಗಿ ಯಲ್ಲಾಪುರ, ಹುಬ್ಬಳ್ಳಿ, ಬೆಳಗಾವಿ, ಪುಣೆಯ ದಾರಿ ಹಿಡಿದರೆ ನಾಲ್ಕೇ ರಾಜ್ಯ. ಘಾಟಿ ಹತ್ತುವ ಕಷ್ಟವೊಂದು ಕಡೆ, ಕಾಗದದ ಸುಖವೊಂದು ಕಡೆ. 2010ರ ಮೇ ತಿಂಗಳಲ್ಲಿ ಇಡೀ ದೇಶಕ್ಕೆ ಒಂದೇ ಒಟ್ಟು ಶುಲ್ಕದ ಪದ್ಧತಿ ಬಂದ ಮೇಲೆ ಈ ಎಣಿಕೆ ತಪ್ಪಿತು.

ಆದರೆ ದಾರಿ ತೆರೆದಿರಬೇಕಲ್ಲ! 2018ರ ಆಗಸ್ಟಿನ ಮಳೆಗೆ ಶಿರಾಡಿಯೂ ಸಂಪಾಜೆಯೂ ಕುಸಿದು ಕರಾವಳಿಗೂ ಘಟ್ಟದ ಮೇಲಿನ ಸೀಮೆಗೂ ಸಂಬಂಧ ಕಡಿದಂತಾಯಿತು. ಮರುವರ್ಷ ಚಾರ್ಮಾಡಿಯ ಸರದಿ. ವಯನಾಡಿನವರ ಪಾಡು ಇನ್ನೊಂದು ತೆರನದು. ಸುಲ್ತಾನ್ ಬತ್ತೇರಿಯಿಂದ ಮುತ್ತಂಗದ ಮೂಲಕ ಗುಂಡ್ಲುಪೇಟೆಗೆ ಹೋಗುವ ರಸ್ತೆ ಬಂಡೀಪುರದ ಕಾಡಿನೊಳಗೆ ಹಾಯುತ್ತದೆ. ವನ್ಯಜೀವಿಗಳ ರಕ್ಷಣೆಗಾಗಿ 2009ರಲ್ಲಿ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧಿಸಲಾಯಿತು. 2010ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅಂದಿನಿಂದ ಆ ಕಡೆಯ ಚಾಲಕನು ಕತ್ತಲಾಗುವ ಮೊದಲು ಕಾಡು ದಾಟಬೇಕು, ಇಲ್ಲವೇ ಕುಟ್ಟ, ಗೋಣಿಕೊಪ್ಪಗಳನ್ನು ಸುತ್ತಿ ಹುಣಸೂರು ಸೇರಬೇಕು.

ಇಷ್ಟೆಲ್ಲ ನಿಯಮಗಳ ನಡುವೆ ಎಲ್ಲರೂ ಮರೆಯುವ ನಿಯಮವೊಂದಿದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ದಿನಕ್ಕೆ 8 ಗಂಟೆ ದುಡಿಮೆ, ದೂರದ ಮಾರ್ಗಗಳಲ್ಲಿ ಹೆಚ್ಚೆಂದರೆ 10 ಗಂಟೆ, 5 ಗಂಟೆ ದುಡಿದ ಮೇಲೆ ಅರ್ಧ ಗಂಟೆ ವಿಶ್ರಾಂತಿ ಎಂದು ವಿಧಿಸಿತು. 1989ರ ಕೇಂದ್ರ ನಿಯಮಾವಳಿ ರಾಷ್ಟ್ರೀಯ ಪರ್ಮಿಟ್ ಲಾರಿಯಲ್ಲಿ ಇಬ್ಬರು ಚಾಲಕರಿರಬೇಕು, ಒಬ್ಬನಿಗೆ ಕಾಲು ಚಾಚಿ ಮಲಗಲು ಸ್ಥಳವಿರಬೇಕು ಎಂದಿತು. 2018ರಲ್ಲಿ ಎರಡನೆಯ ಚಾಲಕನ ನಿಯಮ ಸಡಿಲವಾಯಿತು. 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆ ಬಂದಾಗಲೂ 8 ಗಂಟೆಯ ತತ್ವ ಉಳಿದುಕೊಂಡಿತು. ಉಳಿದದ್ದು ಕಾಗದದಲ್ಲಿ. ಚೆಕ್‌ಪೋಸ್ಟಿನ ಸಾಲಿನಲ್ಲಿ ಕಳೆದ ಹೊತ್ತನ್ನು ಚಾಲಕ ತುಂಬಿಕೊಳ್ಳುತ್ತಿದ್ದುದು ತನ್ನ ನಿದ್ದೆಯಿಂದಲೇ.

2017ರ ಜುಲೈ 1ರಂದು ಜಿಎಸ್‌ಟಿ ಬಂದು ವಾಣಿಜ್ಯ ತೆರಿಗೆಯ ಗೇಟುಗಳು ಎದ್ದುಹೋದವು. ಇನ್ನು ಗಡಿ ಅಳಿಯಿತೆಂದು ನಂಬಿದ್ದವರಿಗೆ 2020ರ ಮಾರ್ಚಿನಲ್ಲಿ ರಸ್ತೆಗೆ ಅಡ್ಡಲಾಗಿ ಸುರಿದ ಮಣ್ಣಿನ ರಾಶಿಗಳು ಬೇರೆಯೇ ಪಾಠ ಹೇಳಿದವು. ತೆರಿಗೆಯ ತಪಾಸಣೆಯಂತೂ ಗೇಟಿನಿಂದ ಇ-ವೇ ಬಿಲ್ಲಿಗೆ ಬಂದಿದೆ. 2021ರಿಂದ ಸಾಮಾನ್ಯ ಸರಕಿಗೆ ಪ್ರತಿ 200 ಕಿಲೋಮೀಟರಿಗೆ ಒಂದು ದಿನದ ಅವಧಿ. ಅಹಮದಾಬಾದಿಗೆ ಸುಮಾರು ಒಂದೂವರೆ ಸಾವಿರ ಕಿಲೋಮೀಟರ್ ಎಂದಿಟ್ಟುಕೊಂಡರೆ ಎಂಟು ದಿನ ಸಿಗುತ್ತದೆ. ಗಂಟೆಗೆ 40 ಕಿಲೋಮೀಟರಿನಂತೆ ದಿನಕ್ಕೆ 8 ಗಂಟೆ ಓಡಿಸಿದರೂ ಐದು ದಿನ ಸಾಕು. ಅಂದರೆ ಚಾಲಕನ ನಿದ್ದೆ ಕಸಿಯುವುದು ಕಾನೂನಲ್ಲ, ನಮ್ಮ ಆತುರ.

ಹೊತ್ತು ಸಿಕ್ಕರೂ ತಂಗಲು ತಾಣ ಬೇಕು. 2024ರ ಜುಲೈ 16ರಂದು ಅಂಕೋಲದ ಬಳಿ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯ ಬದಿ ನಿಂತಿದ್ದ ಕೇರಳದ ಲಾರಿಯೊಂದು ಚಾಲಕನ ಸಮೇತ ಗಂಗಾವಳಿಯ ಪಾಲಾಯಿತು. ಅದನ್ನು ಮೇಲೆತ್ತಿದ್ದು ಸೆಪ್ಟೆಂಬರ್ 25ರಂದು. ಅಷ್ಟು ದಿನವೂ ಕನ್ನಡದ ಮನೆಗಳೂ ಮಲಯಾಳದ ಮನೆಗಳೂ ಒಂದೇ ಸುದ್ದಿಗೆ ಕಿವಿಗೊಟ್ಟು ಕುಳಿತಿದ್ದವು.

ಆದುದರಿಂದ ದಾರಿಯ ಯೋಜನೆ ಹಾಕುವವರು ಮೊದಲು ಗುರುತಿಸಬೇಕಾದುದು ತಲುಪುವ ಊರನ್ನಲ್ಲ, ಪ್ರತಿ ರಾತ್ರಿ ಲಾರಿ ಸುರಕ್ಷಿತವಾಗಿ ನಿಲ್ಲುವ ಜಾಗವನ್ನು. ಪರ್ಮಿಟ್ಟು, ಬಿಲ್ಲು, ಘಾಟಿಗಳ ವಿಚಾರವೆಲ್ಲ ಆಮೇಲೆ. ಗಡಿಯ ಈ ಬದಿಯಲ್ಲಾಗಲಿ ಆ ಬದಿಯಲ್ಲಾಗಲಿ, ಆ ಲಾರಿ ಮರಳಿ ಬರುವುದನ್ನೇ ಕಾಯುತ್ತಿರುವ ಮನೆಯೊಂದು ಇದ್ದೇ ಇರುತ್ತದೆ.