ರಜಾಕಾರ ಅಂದ್ರ ಸ್ವಯಂಸೇವಕ

ಉರ್ದುವಿನಲ್ಲಿ ರಜಾಕಾರ ಅಂದ್ರ ಸ್ವಯಂಸೇವಕ, ಅಷ್ಟೇ. ನಮ್ಮ ತಾಜಸುಲ್ತಾನಪುರದಾಗ ಈ ಅರ್ಥ ಹೇಳಿ ನೋಡ್ರಿ! 1948ರಲ್ಲಿ ಕಾಸಿಂ ರಜ್ವಿಯ ಪಡೆ ಗೋರ್ಟಾದಲ್ಲಿ ನಡೆಸಿದ ಹತ್ಯಾಕಾಂಡದ ಮೇಲೆ ಆ ಪದಕ್ಕೆ ಬೇರೆ ಅರ್ಥವೇ ಉಳಿದಿಲ್ಲ.

ಅದಕ್ಕೇ ಕ್ರೊಯೇಷಿಯಾದ ಗಾಯಕ ಥಾಂಪ್ಸನ್ ಪರವಾದ ವಾದ ನನಗೆ ಒಪ್ಪಿಗೆಯಿಲ್ಲ. 2025ರ ಜುಲೈ 5ರಂದು ಜಾಗ್ರೆಬ್‌ನಲ್ಲಿ ಲಕ್ಷಾಂತರ ಜನ ಅವನ ಹಾಡಿನ ಜೊತೆ ‘ನಾಡಿಗಾಗಿ ಸಿದ್ಧ’ ಎಂದು ಕೂಗಿದರು. ಅದು 1991ರ ನಮ್ಮ ಯುದ್ಧದ ಘೋಷಣೆ ಅಂತಾರೆ ಅಭಿಮಾನಿಗಳು. ಆದರೆ ಅದಕ್ಕೂ 50 ವರ್ಷ ಮೊದಲು ಹಿಟ್ಲರನ ಮಿತ್ರರಾದ ಉಸ್ತಾಶಾಗಳದ್ದು ಅದೇ ಘೋಷಣೆ. ಅವರ ಯಾಸೆನೊವಾಟ್ಸ್ ಶಿಬಿರದಲ್ಲಿ ಸತ್ತವರ ಪಟ್ಟಿಯಲ್ಲಿ 83,145 ಹೆಸರುಗಳಿವೆ.

ನಾವೂ ಸೆಪ್ಟೆಂಬರ್ 17ಕ್ಕೆ ವಿಜಯದ ಹಾಡು ಹಚ್ತೀವಿ. ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೇ ಕಲಬುರಗಿ ಜಿಲ್ಲೆಯಲ್ಲಿ ಮುಸ್ಲಿಮರ ಕೊಲೆಗಳೂ ಆದವು, ಸುಂದರಲಾಲ್ ಸಮಿತಿ ಬರೆದಿಟ್ಟಿದೆ. ಆ ಮನೆಗಳ ಮುಂದ ಹಾಯುವಾಗ ಹಾಡಿನ ದನಿ ಎಷ್ಟಿಡಬೇಕ್ರಿ?