ಕುಗ್ಗುವ ಆಕಾರಗಳ ಕಥೆ

ಒಂದು ನಿಂಬೆಹಣ್ಣನ್ನೂ ಒಂದು ಉದ್ದಿನ ವಡೆಯನ್ನೂ ಕಣ್ಮುಂದೆ ತಂದುಕೊಳ್ಳಿ. ನಿಂಬೆಯ ಮೈಮೇಲೆ ಎಲ್ಲಿ ದಾರದ ಕುಣಿಕೆ ಹಾಕಿದರೂ, ಅದನ್ನು ಜಾರಿಸುತ್ತ ಜಾರಿಸುತ್ತ ಒಂದು ಚುಕ್ಕೆಯಷ್ಟಾಗುವವರೆಗೆ ಬಿಗಿಯಬಹುದು. ವಡೆಯ ತೂತಿನಲ್ಲಿ ತೂರಿಸಿ ಕಟ್ಟಿದ ದಾರ ಹಾಗಲ್ಲ. ವಡೆ ಮುರಿಯಬೇಕು, ಇಲ್ಲವೇ ದಾರ ಹರಿಯಬೇಕು. ಎಲ್ಲ ಕುಣಿಕೆಗಳೂ ಹೀಗೆ ಚುಕ್ಕೆಯಾಗುವಂಥ, ಅಂಚಿಲ್ಲದ, ಮಿತಿಯುಳ್ಳ ಮೈ ಗೋಳದ ರೂಪಾಂತರವೇ ಸರಿ. ಆಯಾಮ ಒಂದು ಹೆಚ್ಚಿದರೂ ಈ ಮಾತು ನಿಲ್ಲುವುದೇ? 1904ರಲ್ಲಿ ಫ್ರಾನ್ಸಿನ ಆನ್ರಿ ಪ್ವಾಂಕರೆ ಎತ್ತಿದ ಈ ಪ್ರಶ್ನೆ ಸುಮಾರು ನೂರು ವರ್ಷ ಗಣಿತಜ್ಞರ ನಿದ್ದೆಗೆಡಿಸಿತು.

ಉತ್ತರದ ದಾರಿ ತೆರೆದುದು ಶಾಖದ ಕಡೆಯಿಂದ. ಒಲೆಯ ಮೇಲಿನ ಕಾವಲಿಯನ್ನು ಇಳಿಸಿಟ್ಟರೆ, ಬಿಸಿಯಾದ ಭಾಗದಿಂದ ತಣ್ಣನೆಯ ಭಾಗಕ್ಕೆ ಶಾಖ ಹರಿದು ಎಲ್ಲವೂ ಸಮನಾಗುವುದನ್ನು ನೀವು ಬಲ್ಲಿರಿ. ಇದರ ಗಣಿತವನ್ನು ಫೂರಿಯೇ 1822ರಲ್ಲಿಯೇ ಗ್ರಂಥವಾಗಿ ಪ್ರಕಟಿಸಿದ್ದನು. ಅಮೆರಿಕದ ರಿಚರ್ಡ್ ಹ್ಯಾಮಿಲ್ಟನ್ 1982ರಲ್ಲಿ, ಶಾಖದಂತೆಯೇ ಆಕಾಶದ ವಕ್ರತೆಯನ್ನೂ ಹರಿಯಬಿಟ್ಟರೆ ಹೇಗೆ ಎಂದು ಯೋಚಿಸಿ ಒಂದು ಸಮೀಕರಣವನ್ನು ಬರೆದರು. ಇಟಲಿಯ ಗಣಿತಜ್ಞ ರಿಚ್ಚಿಯ ಹೆಸರಿನಿಂದ ಅದು ರಿಚ್ಚಿ ಪ್ರವಾಹವೆನಿಸಿದೆ. ಒಂದು ಬಗೆಯ ಧನ ವಕ್ರತೆ ಎಲ್ಲೆಲ್ಲೂ ಇರುವ ಮಿತಿಯುಳ್ಳ ಮೂರು ಆಯಾಮದ ಆಕಾಶ, ಕುಗ್ಗುತ್ತ ಕುಗ್ಗುತ್ತ ಅಚ್ಚುಕಟ್ಟಾಗಿ ದುಂಡಾಗುವುದೆಂದು ಅವರು ಸಾಧಿಸಿದರು.

ಆದರೆ ಎಲ್ಲ ಆಕಾರಗಳೂ ಇಷ್ಟು ಸಾಧುವಲ್ಲ. ಡಮರುವನ್ನು ನೆನೆಯಿರಿ: ಎರಡು ಕಡೆ ದಪ್ಪ, ನಡುವೆ ಸಣ್ಣ ಕತ್ತು. ಮೂರು ಆಯಾಮದ ಡಮರುವಿನಲ್ಲಿ ಕತ್ತಿನ ಅಡ್ಡಕೊಯ್ತ ಒಂದು ಪುಟ್ಟ ಗೋಳ. ಗೋಳ ಚಿಕ್ಕದಾದಷ್ಟೂ ಅದರ ವಕ್ರತೆ ಹೆಚ್ಚು. ವಕ್ರತೆ ಹೆಚ್ಚಾದಷ್ಟೂ ಕುಗ್ಗುವ ವೇಗ ಹೆಚ್ಚು. ಆದ್ದರಿಂದ ಎರಡು ಗುಬುಟುಗಳು ದುಂಡಾಗುವ ಮೊದಲೇ ಕತ್ತು ಹಿಸುಕಿಹೋಗುತ್ತದೆ. ಅಲ್ಲಿ ವಕ್ರತೆ ಅನಂತಕ್ಕೆ ಏರುತ್ತದೆ, ಸಮೀಕರಣ ಬಾಯಿ ಕಟ್ಟಿ ಕೂರುತ್ತದೆ. ಇದಕ್ಕೆ ಸಿಂಗ್ಯುಲಾರಿಟಿ ಎಂದು ಹೆಸರು.

ಹ್ಯಾಮಿಲ್ಟನ್ ಎದೆಗುಂದಲಿಲ್ಲ. ಕತ್ತು ಪೂರ್ತಿ ಹಿಸುಕುವ ಮುನ್ನ ಅದನ್ನು ಕತ್ತರಿಸಿ, ಎರಡೂ ಬಾಯಿಗೆ ದುಂಡನೆಯ ಮುಚ್ಚಳ ಹಾಕಿ, ಪ್ರವಾಹವನ್ನು ಮುಂದುವರಿಸುವುದು ಅವರ ಉಪಾಯ. ಶಸ್ತ್ರಚಿಕಿತ್ಸೆಯೆಂದೇ ಇದನ್ನು ಕರೆದರು. ವೈದ್ಯನಿಗೂ ಮೊದಲು ರೋಗದ ಗುರುತು ಬೇಕಷ್ಟೆ! ಸಿಂಗ್ಯುಲಾರಿಟಿಯ ಬಗೆಗಳೆಷ್ಟು? 1995ರ ದೊಡ್ಡ ಲೇಖನವೊಂದರಲ್ಲಿ ಅವರು ಇವನ್ನು ವಿಂಗಡಿಸಲು ಹೊರಟರು. ಸಿಗಾರ್ ಎಂದು ತಾವೇ ಕರೆದ ಒಂದು ಆಕಾರ ಮಾತ್ರ ದಾರಿಗಡ್ಡವಾಗಿ ನಿಂತಿತು. ಅದು ಹುಟ್ಟಿದರೆ ಕತ್ತರಿ ಎಲ್ಲಿಡಬೇಕೆಂಬುದೇ ತಿಳಿಯದು. ಹುಟ್ಟದೆಂದು ತೋರಿಸಲೂ ಅವರಿಂದಾಗಲಿಲ್ಲ.

2002ರ ನವೆಂಬರಿನಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಗ್ರಿಗರಿ ಪೆರೆಲ್ಮಾನ್ ಒಂದು ಲೇಖನವನ್ನು ಯಾವ ಪತ್ರಿಕೆಗೂ ಕಳಿಸದೆ ಇಂಟರ್ನೆಟ್ಟಿನಲ್ಲಿ ಹಾಕಿದರು, ಮರುವರ್ಷ ಇನ್ನೆರಡು. ಪ್ರವಾಹ ಸಾಗಿದಂತೆಲ್ಲ ಎಂದೂ ಇಳಿಯದ ಒಂದು ಮೊತ್ತವನ್ನು ಅವರು ಕಂಡುಹಿಡಿದಿದ್ದರು. ಅದರ ಬಲದಿಂದ ಸಿಗಾರ್ ಹುಟ್ಟಲಾರದೆಂದು ಸಿದ್ಧವಾಯಿತು. ಮಿತವಾದ ಕಾಲದಲ್ಲಿ ಮಿತವಾದಷ್ಟೇ ಶಸ್ತ್ರಚಿಕಿತ್ಸೆಗಳು ಸಾಕೆಂದೂ, ಪ್ವಾಂಕರೆ ಹೇಳಿದಂಥ ಆಕಾಶ ಕೊನೆಗೆ ಚೂರುಚೂರಾಗಿ ಕುಗ್ಗಿ ಮಾಯವಾಗುವುದೆಂದೂ ತೋರಿಸಿದರು. ಚೂರುಗಳನ್ನು ಹಿಂದುಮುಂದಾಗಿ ಜೋಡಿಸುತ್ತ ಬಂದರೆ ಸಿಕ್ಕುವುದು ಗೋಳವೇ!

ಮೂರು ತಂಡಗಳು ಸಾಲುಸಾಲಾಗಿ ಪರೀಕ್ಷಿಸಿದವು. 2006ರಲ್ಲಿ ಬಂದ ಫೀಲ್ಡ್ಸ್ ಪದಕವನ್ನು ಪೆರೆಲ್ಮಾನ್ ಒಲ್ಲೆನೆಂದರು. 2010ರಲ್ಲಿ ಹತ್ತು ಲಕ್ಷ ಡಾಲರಿನ ಬಹುಮಾನವನ್ನೂ. ಪತ್ರಿಕೆಗಳು ಬಿಟ್ಟ ಹಣದ ಲೆಕ್ಕವನ್ನೇ ಹಾಡಿದವು. ಅವರು ಹೇಳಿದ ಕಾರಣಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ: ಗಣಿತಸಮಾಜದ ತೀರ್ಮಾನ ನ್ಯಾಯವಲ್ಲ, ಹ್ಯಾಮಿಲ್ಟನ್ನರ ಪಾಲು ತಮ್ಮದಕ್ಕಿಂತ ಕಡಿಮೆಯೇನಲ್ಲ ಎಂದರು. ಹ್ಯಾಮಿಲ್ಟನ್ 2024ರಲ್ಲಿ ತೀರಿಕೊಂಡರು. ನಾಲ್ಕು ಆಯಾಮದಲ್ಲಿ ಯಾವ ಯಾವ ಸಿಂಗ್ಯುಲಾರಿಟಿಗಳು ಹುಟ್ಟುವುವೆಂಬ ಪಟ್ಟಿ ಇನ್ನೂ ಪೂರ್ತಿಯಾಗಿಲ್ಲ.